ಮಂಚದ ಕೆಳಗಿನ ಬಿಲ

(ಶಿವಮೊಗ್ಗದಲ್ಲಿ ಒಂದು ಸಂಜೆ ಕಾಲೇಜು ಮಕ್ಕಳು ಮತ್ತು ಊರಿನ ಆಸಕ್ತರ ಮುಂದೆ ಆಡಿದ ಮಾತು ಇದು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಅವತ್ತು ಹೇಳಲು ಮರೆತ ಒಂದೆರಡು ವಿಷಯ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ಬಾಗಿಲ ಹತ್ತಿರ ಒಬ್ಬರು ಹಿರಿಯರು ನಿಲ್ಲಿಸಿ ಕೇಳಿದರು, "ಏನಮ್ಮ, ಮಂಗನ ಕಾಯಿಲೆ ಬಗ್ಗೆ ತಾನೇ ಇವತ್ತು?" ಅಲ್ಲ ಅಂದೆ. ಅವರ ಮುಖ ಸ್ವಲ್ಪ ಸಪ್ಪಗಾಯಿತು. ತಪ್ಪು ಅವರದ್ದಲ್ಲ. ಈ ಜಿಲ್ಲೆಯಲ್ಲಿ ನಿಂತು ಉಣ್ಣಿ, ಜ್ವರ ಎರಡನ್ನೂ ಒಟ್ಟಿಗೆ ಹೇಳಿದರೆ ಯಾರಿಗಾದರೂ 1957ರ ಕ್ಯಾಸನೂರು ಕಾಡೇ ನೆನಪಾಗುತ್ತದೆ. ಆದರೆ ಅದು ವೈರಸ್ಸಿನ ಕಥೆ. ಇವತ್ತಿನದು ಉಣ್ಣಿಯೇ ಹರಡುವ ಬ್ಯಾಕ್ಟೀರಿಯಾದ ಕಥೆ, ನಡೆಯುವುದು ಆಫ್ರಿಕಾದ ಹಳ್ಳಿಗಳಲ್ಲಿ. ಮಂಗನ ಕಾಯಿಲೆಯ ವೈರಸ್ಸನ್ನು ಕೊಲ್ಲುವ ಮಾತ್ರೆ ನಮ್ಮ ಹತ್ತಿರ ಇಲ್ಲ. ನಾನು ಹೇಳಹೊರಟ ಜ್ವರಗಳಿಗೆ ಮಾತ್ರೆ ಇದೆ. ಹಳೆಯದು, ಅಗ್ಗದ್ದು, ಯಾವ ಮೆಡಿಕಲ್ ಶಾಪಿನಲ್ಲೂ ಸಿಗುವಂಥದ್ದು. ಆದರೂ ಎಷ್ಟೋ ರೋಗಿಗಳಿಗೆ ಅದು ಸಿಗುವುದಿಲ್ಲ. ಯಾಕೆ ಅನ್ನೋದೇ ಇವತ್ತಿನ ವಿಷಯ.

ಹಿಂದಿನ ಮೇಜಿನ ಮೇಲೆ ಒಂದು ಮೈಕ್ರೋಸ್ಕೋಪ್ ಇಟ್ಟಿದ್ದೇನೆ. ಪಾಠಕ್ಕೆ ಬಳಸುವ ಒಂದು ಹಳೆಯ ಸ್ಲೈಡ್ ಅದರಲ್ಲಿದೆ. ಹೋಗುವಾಗ ಇಣುಕಿ ನೋಡಿ. ಏನಿದೆ ಅಂತ ಈಗ ಹೇಳುವುದಿಲ್ಲ.

ಇನ್ನೊಂದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನಾನು ಆಫ್ರಿಕಾ ನೋಡಿದವಳಲ್ಲ. ವರ್ಷಗಟ್ಟಲೆ ಲ್ಯಾಬಿನಲ್ಲಿ ಕೂತು ರಕ್ತದ ಸ್ಲೈಡ್ ನೋಡಿದವಳು, ಆಮೇಲೆ ಮಕ್ಕಳಿಗೆ ನೋಡುವುದನ್ನು ಕಲಿಸಿದವಳು. ಈ ಕಥೆ ನನ್ನನ್ನು ಹಿಡಿದದ್ದು ಆ ಕಡೆಯಿಂದಲೇ.

ಸೆನೆಗಲ್ ದೇಶದಲ್ಲಿ, ಗ್ಯಾಂಬಿಯಾ ಗಡಿಗೆ ಹತ್ತಿರದಲ್ಲಿ, ಡಿಯೆಲ್ಮೊ ಅಂತ ಒಂದು ಹಳ್ಳಿ. ರಾಜಧಾನಿ ಡಾಕರ್‌ನಿಂದ ಸುಮಾರು 280 ಕಿಲೋಮೀಟರ್. ಕೆಲವು ನೂರು ಜನ. ಪಕ್ಕದಲ್ಲೇ ನೇಮಾ ಅಂತ ಒಂದು ಹಳ್ಳ, ಬೇಸಿಗೆಯಲ್ಲೂ ಬತ್ತುವುದಿಲ್ಲ. ಹಾಗಾಗಿ ಆ ಕಾಲದಲ್ಲಿ ವರ್ಷವಿಡೀ ಸೊಳ್ಳೆ, ವರ್ಷವಿಡೀ ಮಲೇರಿಯಾ. ಮಲೇರಿಯಾವನ್ನು ಹತ್ತಿರದಿಂದ ನೋಡಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಊರು ಬೇಕಾ? 1990ರಲ್ಲಿ ಫ್ರಾನ್ಸ್ ಮತ್ತು ಸೆನೆಗಲ್‌ನ ಸಂಶೋಧಕರು ಅಲ್ಲಿ ಬಿಡಾರ ಹೂಡಿದರು. ಜೀನ್-ಫ್ರಾಂಸ್ವಾ ಟ್ರಾಪ್ ಅವರಲ್ಲಿ ಮುಖ್ಯರು. ಊರಿನಲ್ಲೇ ಒಂದು ಚಿಕ್ಕ ಕ್ಲಿನಿಕ್, ಹಗಲು ರಾತ್ರಿ ತೆರೆದಿರುತ್ತಿತ್ತು. ದಿನಾ ಮನೆಮನೆಗೆ ಹೋಗಿ ಯಾರಿಗೆ ಮೈ ಬಿಸಿ ಅಂತ ವಿಚಾರಿಸುವುದು. ಜ್ವರ ಅಂದರೆ ಬೆರಳು ಚುಚ್ಚಿ ಒಂದು ಹನಿ ರಕ್ತ, ಗಾಜಿನ ಮೇಲೆ ದಪ್ಪ ಲೇಪ. ಆ ಲೇಪವನ್ನು ಮೈಕ್ರೋಸ್ಕೋಪಿನ ಅತಿ ದೊಡ್ಡ ಮಸೂರದಲ್ಲಿ 200 ಫೀಲ್ಡ್ ನೋಡುವುದು.

ಫೀಲ್ಡ್ ಅಂದರೆ ಮಸೂರದೊಳಗೆ ಒಂದು ಸಲಕ್ಕೆ ಕಾಣುವ ಗುಂಡು ಜಾಗ. ಗಾಜನ್ನು ಒಂಚೂರು ಸರಿಸಿದರೆ ಇನ್ನೊಂದು ಫೀಲ್ಡ್. 200 ಸಲ ಸರಿಸಿ, 200 ಸಲ ಫೋಕಸ್ ಸರಿಮಾಡಿ ನೋಡಬೇಕು. ಕೇಳುವುದಕ್ಕೆ ಸುಲಭ. ಮಧ್ಯಾಹ್ನ ಊಟ ಆದಮೇಲೆ ಕೂತು ಮಾಡಿ ನೋಡಿ, ಗೊತ್ತಾಗುತ್ತದೆ.

ಹುಡುಕುತ್ತಿದ್ದದ್ದು ಮಲೇರಿಯಾ. ಅದು ಬೇಕಾದಷ್ಟು ಸಿಕ್ಕಿತು. ಆದರೆ ಆಗಾಗ ಇನ್ನೊಂದೂ ಕಣ್ಣಿಗೆ ಬೀಳುತ್ತಿತ್ತು. ನೇರಳೆ ಬಣ್ಣದ, ಅಲೆಯಲೆಯಾಗಿ ಬಾಗಿದ ಒಂದು ಎಳೆ. ಸೀರೆ ಅಂಚಿನಿಂದ ಕಿತ್ತುಬಂದ ದಾರದ ತುಂಡಿನ ಹಾಗೆ. ಅದು ಬೊರೀಲಿಯಾ ಎಂಬ ಬ್ಯಾಕ್ಟೀರಿಯಾ. ಅದು ತರುವ ಜ್ವರಕ್ಕೆ ವೈದ್ಯರು ಮರುಕಳಿಸುವ ಜ್ವರ ಅನ್ನುತ್ತಾರೆ. ಹೆಸರೇ ಅದರ ಗುಣ ಹೇಳುತ್ತದೆ: ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ.

ಹದಿನಾಲ್ಕು ವರ್ಷದ ಲೆಕ್ಕ ಒಟ್ಟುಮಾಡಿ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಊರಿನಲ್ಲಿ ವರ್ಷಕ್ಕೆ ನೂರು ಜನಕ್ಕೆ ಸರಾಸರಿ 11 ಸಲ ಈ ಜ್ವರ ಬಂದಿತ್ತು. 1990ರಲ್ಲಿ 4, 1997ರಲ್ಲಿ 25. ಮಕ್ಕಳಿಗೂ ಬಂತು, ದೊಡ್ಡವರಿಗೂ ಬಂತು. ಅಲ್ಲಿಯವರೆಗೆ ಇದನ್ನು ಅಪರೂಪದ ಜ್ವರ ಅಂತ ಓದಿಸುತ್ತಿದ್ದರು. ನಾನೂ ಹಾಗೇ ಓದಿದ್ದೆ, ಹಾಗೇ ಪಾಠ ಮಾಡಿದ್ದೆ. ಅಪರೂಪ ಅಂದುಕೊಂಡಿದ್ದಕ್ಕೆ ಕಾರಣ ಇಷ್ಟೇ, 200 ಫೀಲ್ಡ್ ಯಾರೂ ನೋಡಿರಲಿಲ್ಲ.

ಈಗ ಈ ಜ್ವರ ಹರಡುವ ಉಣ್ಣಿಗೆ ಬರೋಣ. ಉಣ್ಣಿ ಅಂದರೆ ನಿಮ್ಮ ಕಣ್ಣ ಮುಂದೆ ಬರುವುದು ದನದ ಕಿವಿಯಲ್ಲಿ ಹರಳುಬೀಜದ ಹಾಗೆ ಉಬ್ಬಿ ಕೂತಿರುತ್ತದಲ್ಲ, ಅದು. ಕೆಲವರು ಉಣುಗು ಅಂತೀರಿ. ಅದು ಗಟ್ಟಿ ಉಣ್ಣಿ. ಬೆನ್ನ ಮೇಲೆ ಚಿಪ್ಪು ಇರುತ್ತದೆ, ಒಮ್ಮೆ ಕಚ್ಚಿಕೊಂಡರೆ ದಿನಗಟ್ಟಲೆ ಬಿಡುವುದಿಲ್ಲ. ಡಿಯೆಲ್ಮೊದ್ದು ಬೇರೆ ಜಾತಿ, ಮೆತ್ತನೆ ಉಣ್ಣಿ. ಚಿಪ್ಪಿಲ್ಲ. ಸುಕ್ಕುಗಟ್ಟಿದ ಚರ್ಮದ ಚೀಲದ ಹಾಗಿರುತ್ತದೆ, ಮಣ್ಣಿನದೇ ಬಣ್ಣ. ಸ್ವಭಾವದಲ್ಲಿ ಇದು ಉಣ್ಣಿಗಿಂತ ಜಾಸ್ತಿ ನಮ್ಮ ತಿಗಣೆಯ ಥರ. ಹಗಲೆಲ್ಲ ಸಂದಿಯಲ್ಲಿ ಅಡಗಿರುತ್ತದೆ. ರಾತ್ರಿ ನೀವು ಮಲಗಿದ ಮೇಲೆ ಹೊರಗೆ ಬಂದು ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ರಕ್ತ ಹೀರಿ ವಾಪಸ್ ಹೋಗುತ್ತದೆ. ನೋವಾಗುವುದಿಲ್ಲ. ಬೆಳಿಗ್ಗೆ ಮೈಮೇಲೆ ಉಣ್ಣಿ ಇರುವುದಿಲ್ಲ. ಹಾಗಾಗಿ ಡಾಕ್ಟರು "ಉಣ್ಣಿ ಕಚ್ಚಿತ್ತಾ?" ಅಂತ ಕೇಳಿದರೆ ರೋಗಿ "ಇಲ್ಲ" ಅಂತಾನೆ. ಪಾಪ, ನಿಜವನ್ನೇ ಹೇಳುತ್ತಾನೆ.

ಊಟ ಇಲ್ಲದೆ ವರ್ಷಗಟ್ಟಲೆ ಬದುಕುವ ತಾಕತ್ತು ಈ ಪ್ರಾಣಿಗಿದೆ. ಮನೆ ಖಾಲಿ ಬಿಟ್ಟು ಹೋದರೂ ಕಾಯುತ್ತದೆ. ಅಷ್ಟು ದಿನವೂ ಬ್ಯಾಕ್ಟೀರಿಯಾ ಅದರ ಮೈಯೊಳಗೆ ಜೀವಂತ.

ಪಶ್ಚಿಮ ಆಫ್ರಿಕಾದಲ್ಲಿ ಇದು ಇರುವುದು ಇಲಿ ಬಿಲಗಳಲ್ಲಿ. ಇಲಿ, ಮೂಗಿಲಿಗಳ ರಕ್ತವೇ ಅದರ ದಿನದ ಊಟ. ಅಲ್ಲಿನ ಬೊರೀಲಿಯಾಕ್ಕೆ ಕ್ರೊಸಿಡ್ಯೂರೆ ಅಂತ ಹೆಸರು ಬಂದಿರುವುದೂ ಮೂಗಿಲಿಯ ಶಾಸ್ತ್ರೀಯ ಹೆಸರಿನಿಂದಲೇ. ಮನುಷ್ಯ ಇದರ ಲೆಕ್ಕದಲ್ಲೇ ಇಲ್ಲ. ಆದರೆ ಬಿಲದ ಬಾಯಿ ತೆರೆದುಕೊಳ್ಳುವುದು ಎಲ್ಲಿ? ಮಲಗುವ ಕೋಣೆಯ ಮಣ್ಣಿನ ನೆಲದಲ್ಲಿ, ಮಂಚದ ಕೆಳಗೆ, ಧಾನ್ಯದ ಚೀಲ ಇಟ್ಟ ಮೂಲೆಯಲ್ಲಿ. ಇಲಿ ಮನೆಯಲ್ಲಿ ಇಲ್ಲದ ರಾತ್ರಿ ಉಣ್ಣಿ ಮೇಲೆ ಬರುತ್ತದೆ, ಪಕ್ಕದಲ್ಲೇ ಬೆಚ್ಚಗೆ ಮಲಗಿರುವ ಮನುಷ್ಯ ಸಿಗುತ್ತಾನೆ.

ಇದನ್ನು ಹಿಡಿಯುವ ಬಗೆ ನನಗೆ ತುಂಬಾ ಇಷ್ಟ. ತೋಟದಲ್ಲಿ ಒಣಗಿದ ಎಲೆ ಎಳೆದುಕೊಳ್ಳುವ ಪೆಟ್ರೋಲ್ ಯಂತ್ರ ಇರುತ್ತದಲ್ಲ, ಅದಕ್ಕೆ ಬಾಗುವ ಒಂದು ಪೈಪು ಸಿಕ್ಕಿಸುತ್ತಾರೆ. ಪೈಪನ್ನು ಬಿಲದೊಳಗೆ ತೂರಿಸಿ ಒಳಗಿದ್ದದ್ದನ್ನೆಲ್ಲ ಹೀರುತ್ತಾರೆ. ಮಣ್ಣು, ಹುಲ್ಲು, ಜೋಳದ ಸಿಪ್ಪೆ, ಇಲಿಯ ಕೂದಲು ಎಲ್ಲ ಬರುತ್ತದೆ. ಅದನ್ನು ಬಿಸಿಲಿನಲ್ಲಿ ಹರಡುತ್ತಾರೆ. ನಮ್ಮ ಅಜ್ಜಿಯಂದಿರು ಹುಳ ಬಿದ್ದ ಅಕ್ಕಿಯನ್ನು ಮೊರದಲ್ಲಿ ಬಿಸಿಲಿಗೆ ಇಡುತ್ತಿದ್ದರಲ್ಲ, ಅದೇ ಉಪಾಯ. ಮೊದಲು ಏನೂ ಕಾಣುವುದಿಲ್ಲ, ಬರೀ ಮಣ್ಣು. ಸ್ವಲ್ಪ ಹೊತ್ತು ಕಾದರೆ ಬಿಸಿ ತಾಗಿ ಒಂದು ಮಣ್ಣಿನ ಕಣ ಮೆಲ್ಲಗೆ ನಡೆಯಲು ಶುರುಮಾಡುತ್ತದೆ. ಅದೇ ಉಣ್ಣಿ.

ಇದಕ್ಕೂ ಮಳೆಗೂ ಸಂಬಂಧ ಇದೆ. ಈ ಉಣ್ಣಿಗೆ ಒಣ ನೆಲ ಬೇಕು. ವರ್ಷಕ್ಕೆ ಸುಮಾರು 750 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುವ ಕಡೆ ಅದು ನಿಲ್ಲುವುದಿಲ್ಲ ಅಂತ ಮೊದಲಿನ ಲೆಕ್ಕ. 1970ರ ಹೊತ್ತಿಗೆ ಸಾಹೆಲ್ ಸೀಮೆಗೆ, ಅಂದರೆ ಸಹಾರಾ ಮರುಭೂಮಿಯ ದಕ್ಷಿಣ ಅಂಚಿನ ಒಣ ಪಟ್ಟಿಗೆ, ದೊಡ್ಡ ಬರ ಬಡಿಯಿತು. ಅದು ಒಂದೆರಡು ವರ್ಷದ ಬರವಲ್ಲ, ದಶಕಗಳ ಬರ. ಮಳೆಯ ಆ ಗೆರೆ ದಕ್ಷಿಣಕ್ಕೆ ಸರಿಯಿತು, ಗೆರೆಯ ಹಿಂದೆಯೇ ಉಣ್ಣಿಯೂ ಸರಿಯಿತು. ಟ್ರಾಪ್ ಮತ್ತು ಜೊತೆಯವರು 1990ರ ದಶಕದಲ್ಲಿ ಇದನ್ನು ತೋರಿಸಿದರು. ಅಂದರೆ ಡಿಯೆಲ್ಮೊದ ಸೀಮೆಗೆ ಈ ಜ್ವರ ಬಂದದ್ದು ಬರಗಾಲದ ಬೆನ್ನು ಹತ್ತಿ. ಬೆಳೆ ಹೋಯಿತು, ದನ ಹೋದವು, ಜೊತೆಗೆ ಇದು. ಹವಾಮಾನ ಬದಲಾದರೆ ಕಾಯಿಲೆ ಊರು ಬದಲಾಯಿಸುತ್ತದೆ ಅಂತ ಈಗ ಎಲ್ಲರೂ ಹೇಳುತ್ತಾರೆ. ಇಲ್ಲಿ ಅದು ಆಗಿಹೋಗಿ ಐವತ್ತು ವರ್ಷ ಆಯಿತು.

ಖಂಡದ ಆ ಬದಿಗೆ, ಪೂರ್ವಕ್ಕೆ ಹೋದರೆ ಕಥೆ ಸ್ವಲ್ಪ ಬೇರೆ, ನನ್ನ ಪ್ರಕಾರ ಇನ್ನೂ ಕಠಿಣ. ಟಾಂಜಾನಿಯಾದಲ್ಲಿ, ಕಾಂಗೋದಲ್ಲಿ ಇರುವ ಮೆತ್ತನೆ ಉಣ್ಣಿಯ ಹೆಸರು ಆರ್ನಿಥೊಡೊರಸ್ ಮೊಬಾಟಾ. ಇದಕ್ಕೆ ಇಲಿ ಬಿಲದ ಹಂಗೂ ಇಲ್ಲ. ನೇರವಾಗಿ ಮನೆಯ ನೆಲದ ಬಿರುಕಿನಲ್ಲಿ, ಗೋಡೆಯ ಬುಡದಲ್ಲಿ ಸಂಸಾರ. ಇದು ಹರಡುವ ಬೊರೀಲಿಯಾ ಡಟ್ಟೊನಿ ಮುಖ್ಯವಾಗಿ ಮನುಷ್ಯನನ್ನೇ ನಂಬಿಕೊಂಡಿದೆ. ಟಾಂಜಾನಿಯಾದ ಡೊಡೊಮಾ ಸೀಮೆಯಲ್ಲಿ ಗೋಗೊ ಜನ ಕಟ್ಟುವ ತೆಂಬೆ ಮನೆಗಳಿವೆ. ಮಣ್ಣಿನ ಗೋಡೆ, ಮಣ್ಣಿನದೇ ಚಪ್ಪಟೆ ಮಾಳಿಗೆ, ಮಣ್ಣಿನ ನೆಲ. ಬಯಲುಸೀಮೆಯ ಮಾಳಿಗೆ ಮನೆ ನೋಡಿದವರಿಗೆ ಗುರುತು ಸಿಗುತ್ತದೆ. ಬೇಸಿಗೆಯಲ್ಲಿ ಒಳಗೆ ತಂಪು. ಉಣ್ಣಿಗೂ ಅಲ್ಲಿ ತಂಪೇ.

ಊರವರಿಗೆ ಇದು ಗೊತ್ತಿರಲಿಲ್ಲ ಅಂದುಕೊಳ್ಳಬೇಡಿ. ಸ್ವಾಹಿಲಿಯಲ್ಲಿ ದನದ ಮೈಯ ಗಟ್ಟಿ ಉಣ್ಣಿಗೆ ಕುಪೆ ಅಂತಾರೆ, ನೆಲದ ಮೆತ್ತನೆ ಉಣ್ಣಿಗೆ ಪಾಪಾಸಿ ಅಂತಾರೆ. ಈ ಜ್ವರಕ್ಕೆ ಹೋಮಾ ಯಾ ಪಾಪಾಸಿ, ಅಂದರೆ ಪಾಪಾಸಿ ಜ್ವರ. ಯಾವ ಉಣ್ಣಿಯಿಂದ ಯಾವ ಜ್ವರ ಅನ್ನೋದು ಭಾಷೆಯೊಳಗೇ ಕೂತಿದೆ. ಕಾಂಗೋ ಕಡೆ ಇದನ್ನೇ ಕಿಂಪುತು ಅನ್ನುತ್ತಿದ್ದರು. ಡೇವಿಡ್ ಲಿವಿಂಗ್‌ಸ್ಟನ್ 1857ರ ತನ್ನ ಪ್ರವಾಸದ ಬರಹದಲ್ಲಿ ಅಂಗೋಲಾದಲ್ಲಿ ಕಂಡ ಇಂಥದ್ದೇ ಉಣ್ಣಿಯನ್ನು ತಾಂಪಾನ್ ಅಂತ ಕರೆದು, ಅದು ಕಚ್ಚಿದರೆ ಉರಿ, ವಾಂತಿ, ಜ್ವರ ಬರುವುದನ್ನು ಬರೆದಿದ್ದಾನೆ.

ವಿಜ್ಞಾನಕ್ಕೆ ಗೊತ್ತಾಗಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1904ರಲ್ಲಿ ಉಗಾಂಡಾದಲ್ಲಿದ್ದ ಫಿಲಿಪ್ ರಾಸ್, ಆರ್ಥರ್ ಮಿಲ್ನ್ ಎಂಬ ವೈದ್ಯರು ಉಣ್ಣಿ ಜ್ವರದ ರೋಗಿಗಳ ರಕ್ತದಲ್ಲಿ ಆ ಸುರುಳಿ ಎಳೆಯನ್ನು ಕಂಡರು. ಅದೇ ಹೊತ್ತಿಗೆ ಲಿವರ್‌ಪೂಲ್ ಸ್ಕೂಲ್ ಆಫ್ ಟ್ರಾಪಿಕಲ್ ಮೆಡಿಸಿನ್‌ನಿಂದ ಜೋಸೆಫ್ ಎವೆರೆಟ್ ಡಟ್ಟನ್ ಮತ್ತು ಜಾನ್ ಟಾಡ್ ಕಾಂಗೋದಲ್ಲಿದ್ದರು. ಹೋದದ್ದು ನಿದ್ರೆ ರೋಗ ನೋಡಲು. ಆಗ ಕಾಂಗೋ ಅಂದರೆ ಬೆಲ್ಜಿಯಂನ ರಾಜ ಎರಡನೇ ಲಿಯೋಪೋಲ್ಡನ ಸ್ವಂತ ಜಹಗೀರು. ಉಣ್ಣಿಯನ್ನು ಕೋತಿಗಳಿಗೆ ಕಚ್ಚಿಸಿ ಜ್ವರ ದಾಟುವುದನ್ನು ಅವರು ತೋರಿಸಿದರು. ಅಷ್ಟೇ ಅಲ್ಲ, ಸೋಂಕಿದ ತಾಯಿ ಉಣ್ಣಿ ಇಟ್ಟ ಮೊಟ್ಟೆಯಿಂದ ಹೊರಬಂದ ಮರಿಗಳೂ, ಒಂದು ಹನಿ ಸೋಂಕಿನ ರಕ್ತ ಕುಡಿಯದೆಯೇ, ಜ್ವರ ಹರಡುತ್ತವೆ ಅಂತ ಕಂಡುಕೊಂಡರು. ಈ ಕೆಲಸದ ನಡುವೆ ಇಬ್ಬರಿಗೂ ಅದೇ ಜ್ವರ ಬಂತು. ಟಾಡ್ ಉಳಿದ. ಡಟ್ಟನ್ 1905ರ ಫೆಬ್ರವರಿ 27ರಂದು ಕಾಂಗೋದಲ್ಲೇ ತೀರಿಕೊಂಡ. ವಯಸ್ಸು 30. ಬ್ಯಾಕ್ಟೀರಿಯಾಕ್ಕೆ ಅವನ ಹೆಸರಿಟ್ಟರು.

ಗೌರವವೇ, ಸರಿ. ಆದರೂ ನನಗೆ ಒಂದು ಸಣ್ಣ ಮುಜುಗರ. ಕಿಂಪುತು ಅಂತ ಹೆಸರಿಟ್ಟು, ಅದರ ಜೊತೆ ತಲೆಮಾರುಗಳಿಂದ ಮಲಗಿ ಎದ್ದವರ ಹೆಸರು ಎಲ್ಲೂ ಇಲ್ಲ.

1905ರಲ್ಲೇ ರಾಬರ್ಟ್ ಕಾಖ್ ಕೂಡ ಅಲ್ಲಿಗೆ ಬಂದಿದ್ದ, ಜರ್ಮನ್ ಪೂರ್ವ ಆಫ್ರಿಕಾಕ್ಕೆ. ಕ್ಷಯದ ಬ್ಯಾಕ್ಟೀರಿಯಾ ಕಂಡುಹಿಡಿದ ಅದೇ ಕಾಖ್. ಅವನು ನೋಡಿದ ಜಾಗ ಮಜವಾಗಿದೆ: ಸರಕು ಹೊರುವವರ ತಂಡಗಳು ಸಾಗುವ ದಾರಿಯಲ್ಲಿನ ತಂಗುಗುಡಿಸಲು. ರಾತ್ರಿ ಒಬ್ಬರಾದ ಮೇಲೆ ಒಬ್ಬರು ಬಂದು ಮಲಗುವ ಜಾಗ. ಮಾಡಿನ ಕೆಳಗಿನ ಒಣ ಮಣ್ಣನ್ನು ಕೆದಕಿದರೆ ಉಣ್ಣಿಯೋ ಉಣ್ಣಿ. ಕೊಯ್ದು ನೋಡಿದರೆ ಉಣ್ಣಿಯ ಮೊಟ್ಟೆಗಳೊಳಗೂ ಸುರುಳಿ ಎಳೆಗಳ ಗುಂಪು. ದಾರಿ ಎಲ್ಲೆಲ್ಲಿ ಹೋಯಿತೋ ಜ್ವರವೂ ಅಲ್ಲಲ್ಲಿ ಹೋಯಿತು.

ಈಗ ಈ ಜ್ವರ ಮೈಯೊಳಗೆ ಏನು ಮಾಡುತ್ತದೆ? ಒಂದು ದಿನ ಇದ್ದಕ್ಕಿದ್ದ ಹಾಗೆ ಚಳಿ, ತಲೆ ಸಿಡಿತ, ಮೈಕೈ ನೋವು, ವಾಂತಿ. ಮೂರ್ನಾಲ್ಕು ದಿನ ಸುಡುತ್ತದೆ. ಆಮೇಲೆ ಒಂದು ಸಲ ಜೋರಾಗಿ ನಡುಗಿ, ಬೆವರಿ, ಜ್ವರ ಬಿಟ್ಟೇಹೋಗುತ್ತದೆ. ರೋಗಿ ಎದ್ದು ಗಂಜಿ ಕುಡಿಯುತ್ತಾನೆ, ಹೊಲಕ್ಕೆ ಹೋಗುತ್ತಾನೆ. ಒಂದು ವಾರ ಕಳೆಯುತ್ತದೆ. ಮತ್ತೆ ಅದೇ ಚಳಿ.

ಕಾರಣ ಹೀಗಿದೆ. ಬೊರೀಲಿಯಾದ ಮೈಮೇಲೆ ಒಂದು ಪ್ರೋಟೀನ್ ಹೊದಿಕೆ ಇದೆ. ನಮ್ಮ ದೇಹ ಆ ಹೊದಿಕೆಯನ್ನು ಗುರುತು ಹಿಡಿದು ಹೊಡೆಯುತ್ತದೆ, ಹೆಚ್ಚುಕಮ್ಮಿ ಎಲ್ಲವೂ ಸಾಯುತ್ತವೆ. ಆದರೆ ಅದರ ಹತ್ತಿರ ಬೇರೆ ಬೇರೆ ಹೊದಿಕೆಗಳ ಜೀನ್‌ಗಳು ದಾಸ್ತಾನು ಇವೆ. ಯಕ್ಷಗಾನದಲ್ಲಿ ಒಬ್ಬನೇ ಕಲಾವಿದ ಚೌಕಿಗೆ ಹೋಗಿ ಬೇರೆ ವೇಷ ಕಟ್ಟಿಕೊಂಡು ಬರುವುದಿಲ್ಲವೇ, ಹಾಗೆ. ವೇಷ ಬದಲಿಸಿದ ಕೆಲವೇ ಕೆಲವು ಉಳಿದುಕೊಂಡು, ವಾರದಲ್ಲಿ ಕೋಟಿಗಟ್ಟಲೆ ಆಗಿ ಮತ್ತೆ ರಂಗಕ್ಕೆ ಬರುತ್ತವೆ. ದೇಹ ಹೊಸ ವೇಷವನ್ನು ಮೊದಲಿನಿಂದ ಗುರುತು ಹಿಡಿಯಬೇಕು.

ಈಗ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕೂತಿರುವ ನರ್ಸ್ ಜಾಗದಲ್ಲಿ ನೀವಿದ್ದೀರಿ ಅಂದುಕೊಳ್ಳಿ. ಚಳಿಜ್ವರದ ಹುಡುಗ ಬಂದ. ಮಲೇರಿಯಾ ಅಂತ ಮಾತ್ರೆ ಕೊಟ್ಟಿರಿ. ಎರಡು ದಿನಕ್ಕೆ ಜ್ವರ ಬಿಟ್ಟಿತು. ಮಾತ್ರೆ ಕೆಲಸ ಮಾಡಿತು ಅಂತ ನೀವೂ ಅಂದಿರಿ, ತಾಯಿಯೂ ಅಂದಳು. ಜ್ವರ ತನ್ನಷ್ಟಕ್ಕೆ ಬಿಡುವುದಿತ್ತು, ಹೆಸರು ಮಾತ್ರೆಗೆ ಬಂತು. ವಾರ ಬಿಟ್ಟು ಹುಡುಗ ಮತ್ತೆ ಬಂದ. ಈಗೇನು? "ಮಾತ್ರೆಗೆ ಬಗ್ಗದ ಮಲೇರಿಯಾ" ಅಂತ ಇನ್ನೊಂದು ಮಲೇರಿಯಾ ಮಾತ್ರೆ. ಆಫ್ರಿಕಾದ ಎಷ್ಟೋ ಹಳ್ಳಿಗಳಲ್ಲಿ ಬೊರೀಲಿಯಾ ಹೀಗೇ ಮಲೇರಿಯಾದ ಖಾತೆಗೆ ಜಮೆಯಾಗಿದೆ.

ಇಲ್ಲಿ ನಾನು ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಹೊಸತು, ಒಂದು ಆಸ್ಪತ್ರೆಯ ಲ್ಯಾಬು, ರಾತ್ರಿ ಪಾಳಿ. ಕರಾವಳಿ ಕಡೆಯ ಒಬ್ಬರ ಸ್ಲೈಡ್ ಬಂತು. ಚೀಟಿಯಲ್ಲಿ ಬರೆದಿತ್ತು, ಮಲೇರಿಯಾ ನೋಡಿ. ನೋಡಿದೆ. ಇರಲಿಲ್ಲ. ನೆಗೆಟಿವ್ ಅಂತ ಬರೆದು ಸಹಿ ಹಾಕಿದೆ. ಬೆಳಿಗ್ಗೆ ಹಿರಿಯ ಟೆಕ್ನಿಷಿಯನ್ ಸುಮ್ನೆ ಆ ಸ್ಲೈಡನ್ನು ಎತ್ತಿ ಚಿಕ್ಕ ಮಸೂರದಲ್ಲಿ ಅಂಚಿಗೆ ಸರಿಸಿ, "ಬಾ ಇಲ್ಲಿ" ಅಂದರು. ಲೇಪದ ಅಂಚಿನಲ್ಲಿ ಆನೆಕಾಲು ರೋಗದ ಮರಿಹುಳ ಹಾವಿನ ಹಾಗೆ ಬಿದ್ದುಕೊಂಡಿತ್ತು. ರಕ್ತಕಣಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅದರ ಮೇಲೆ ನನ್ನ ಕಣ್ಣು ಹಾದುಹೋಗಿರಲೇಬೇಕು. ಆದರೆ ನಾನು ರಕ್ತಕಣದೊಳಗೆ ಮಲೇರಿಯಾದ ಉಂಗುರ ಹುಡುಕುತ್ತಿದ್ದೆ, ಹಾವು ಹುಡುಕುತ್ತಿರಲಿಲ್ಲ. ಅವರು ಬೈಯಲಿಲ್ಲ. ಬೈದಿದ್ದರೆ ಬಹುಶಃ ಮರೆತುಬಿಡುತ್ತಿದ್ದೆ.

ಹಾಗಾಗಿ ಡಿಯೆಲ್ಮೊದ ಸ್ಲೈಡ್ ಓದುವವರ ಮೇಲೆ ನನಗೆ ಗೌರವ ಜಾಸ್ತಿ. ಪಶ್ಚಿಮ ಆಫ್ರಿಕಾದ ಬೊರೀಲಿಯಾ ರಕ್ತದಲ್ಲಿ ತೀರಾ ಕಡಿಮೆ ಇರುತ್ತದೆ. ಎಷ್ಟೋ ಫೀಲ್ಡ್ ಖಾಲಿ ಹೋಗಿ, ಎಲ್ಲೋ ಒಂದು ಎಳೆ.

ಈಗ ಇನ್ನೊಂದು ತಿರುವು. ಆ ಎಳೆ ಕಾಣುವ ಅವಕಾಶವೂ ಈಗ ಕಮ್ಮಿಯಾಗುತ್ತಿದೆ. ಕಾರಣ ಒಂದು ಒಳ್ಳೆಯ ವಸ್ತು. ಮಲೇರಿಯಾದ ರ್‍ಯಾಪಿಡ್ ಟೆಸ್ಟ್. ಪ್ರೆಗ್ನೆನ್ಸಿ ಟೆಸ್ಟಿನ ಪಟ್ಟಿಯ ಹಾಗೆಯೇ, ಒಂದು ಹನಿ ರಕ್ತ ಹಾಕಿದರೆ ಇಪ್ಪತ್ತು ನಿಮಿಷದೊಳಗೆ ಗೆರೆ ಮೂಡುತ್ತದೆ. ಕರೆಂಟು ಬೇಡ, ಮೈಕ್ರೋಸ್ಕೋಪು ಬೇಡ. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಜ್ವರ ಬಂದವರಿಗೆಲ್ಲ ಕಣ್ಣುಮುಚ್ಚಿ ಮಲೇರಿಯಾ ಮಾತ್ರೆ ಕೊಡಬೇಡಿ, ಮೊದಲು ಪರೀಕ್ಷೆ ಮಾಡಿ ಅಂತ ಹೇಳಿತು. ಸೆನೆಗಲ್ 2007ರಿಂದಲೇ ಈ ಟೆಸ್ಟ್ ತಂದಿತ್ತು. ಸರಿಯಾದ ಕೆಲಸ. ಇದನ್ನು ನಾನು ದೂರುತ್ತಿಲ್ಲ. ಆದರೆ ಈ ಪಟ್ಟಿಗೆ ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಗೊತ್ತು. ಮಲೇರಿಯಾ ಹೌದಾ ಅಲ್ವಾ, ಅಷ್ಟೇ. ಸ್ಲೈಡಿನಲ್ಲಿ ಕೇಳದೇ ಇದ್ದದ್ದೂ ಕಾಣುವ ಸಾಧ್ಯತೆ ಇತ್ತು. ಪಟ್ಟಿಯಲ್ಲಿ ಅದಿಲ್ಲ.

ಅದಕ್ಕಿಂತ ಸೂಕ್ಷ್ಮವಾದ ತೊಂದರೆ ಒಂದಿದೆ. ಆಫ್ರಿಕಾದಲ್ಲಿ ಜಾಸ್ತಿ ಬಳಸುವ ಪಟ್ಟಿ ಹುಡುಕುವುದು ಮಲೇರಿಯಾ ಪರೋಪಜೀವಿ ಬಿಡುವ ಒಂದು ಪ್ರೋಟೀನನ್ನು. ಮಲೇರಿಯಾ ವಾಸಿಯಾದ ಮೇಲೂ ಆ ಪ್ರೋಟೀನ್ ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಜೊತೆಗೆ ಮಲೇರಿಯಾ ಸದಾ ಇರುವ ಊರಿನಲ್ಲಿ ಕಾಯಿಲೆಯೇ ಇಲ್ಲದೆ ಪರೋಪಜೀವಿ ಹೊತ್ತು ಓಡಾಡುವವರು ಬೇಕಾದಷ್ಟು. ಈಗ ನಮ್ಮ ಆ ಹುಡುಗನನ್ನೇ ತಗೊಳ್ಳಿ. ಹೋದ ತಿಂಗಳು ಮಲೇರಿಯಾ ಬಂದು ಹೋಗಿತ್ತು. ಇವತ್ತಿನ ಜ್ವರ ಬೊರೀಲಿಯಾದ್ದು. ಪಟ್ಟಿಯಲ್ಲಿ ಗೆರೆ ಮೂಡುತ್ತದೆ. ನರ್ಸ್ ಏನು ಮಾಡಬೇಕು ಹೇಳಿ? ಅವಳ ಕೈಯಲ್ಲಿರುವ ಸಾಕ್ಷಿ ಸುಳ್ಳು ಹೇಳುತ್ತಿಲ್ಲ, ಬೇರೆ ಯಾವುದೋ ಕೇಸಿನ ನಿಜ ಹೇಳುತ್ತಿದೆ.

ದೊಡ್ಡವರು ಸಾಮಾನ್ಯವಾಗಿ ಈ ಜ್ವರದಿಂದ ಸಾಯುವುದು ಕಮ್ಮಿ. ಹಾಗಾಗಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ ಅನಿಸುತ್ತದೆ. ಹೊಡೆತ ಬೀಳುವುದು ಗರ್ಭಿಣಿಯರ ಮೇಲೆ. ಟಾಂಜಾನಿಯಾದ ಹಳ್ಳಿಗಾಡಿನ ಆಸ್ಪತ್ರೆಗಳಿಂದ ಬಂದ ವರದಿಗಳು ಓದಲು ಕಷ್ಟ. ಗರ್ಭ ಇಳಿದುಹೋಗುವುದು, ತಿಂಗಳು ತುಂಬುವ ಮೊದಲೇ ಹೆರಿಗೆ, ಹುಟ್ಟಿದ ಮಗುವಿನ ರಕ್ತದಲ್ಲೇ ಬೊರೀಲಿಯಾ. ಎರಡು ಮೂರು ದಿನದ ಕೂಸು ಜ್ವರದಿಂದ ತೀರಿಕೊಂಡರೆ ಅದಕ್ಕೆ ನಂಜು ಅಂತ ಬರೆಯುತ್ತಾರೆ. ತಾಯಿಯ ರಕ್ತ ನೋಡಿದ್ದರೆ ಕಾರಣ ಸಿಗುತ್ತಿತ್ತು.

ಮದ್ದು ಸರಳ ಅಂದೆ. ಡಾಕ್ಸಿಸೈಕ್ಲಿನ್ ಅಥವಾ ಟೆಟ್ರಾಸೈಕ್ಲಿನ್. ಗರ್ಭಿಣಿಯರಿಗೆ, ಸಣ್ಣ ಮಕ್ಕಳಿಗೆ ಎರಿಥ್ರೋಮೈಸಿನ್. ಆದರೆ ಇದರಲ್ಲೂ ಒಂದು ಚೇಷ್ಟೆ ಇದೆ. ಮೊದಲ ಡೋಸ್ ಕೊಟ್ಟು ಒಂದೆರಡು ಗಂಟೆಯಲ್ಲಿ ರೋಗಿ ಇನ್ನೂ ಜಾಸ್ತಿ ನಡುಗಬಹುದು, ಜ್ವರ ಏರಬಹುದು, ರಕ್ತದೊತ್ತಡ ಇಳಿಯಬಹುದು. ಬ್ಯಾಕ್ಟೀರಿಯಾ ಒಟ್ಟಿಗೆ ಸತ್ತು ಒಡೆದಾಗ ದೇಹ ಕೊಡುವ ಪ್ರತಿಕ್ರಿಯೆ ಅದು. ಯಾರಿಶ್, ಹೆರ್ಕ್ಸ್‌ಹೈಮರ್ ಎಂಬ ಇಬ್ಬರು ಚರ್ಮವೈದ್ಯರ ಹೆಸರು ಅದಕ್ಕಿದೆ. ಹೆಸರು ಬಿಡಿ, ಹೊರಗೆ ಕೂತಿರುವ ಅಮ್ಮನಿಗೆ ಕಾಣುವುದು ಏನು? ಮಾತ್ರೆ ನುಂಗಿಸಿದರು, ಮಗು ಕೆಟ್ಟಿತು. ಮೊದಲೇ ಹೇಳಿ, ಕೆಲವು ಗಂಟೆ ಕಣ್ಣಿಟ್ಟು ನೋಡಿಕೊಳ್ಳುವವರು ಬೇಕು. ಮಾತ್ರೆಗಿಂತ ದುಬಾರಿ ಅದು.

ದನದ ಉಣ್ಣಿಯ ಜ್ವರವನ್ನೂ ಸ್ವಲ್ಪ ಹೇಳಿ ಮುಗಿಸುತ್ತೇನೆ. ಇದರ ಬ್ಯಾಕ್ಟೀರಿಯಾ ರಿಕೆಟ್ಸಿಯಾ ಆಫ್ರಿಕೆ. 1930ರ ದಶಕದಲ್ಲೇ ದಕ್ಷಿಣ ಆಫ್ರಿಕಾದಲ್ಲಿ ಪೈಪರ್ ಎಂಬ ವೈದ್ಯ ಇದು ಬೇರೆಯೇ ಜ್ವರ ಅಂದಿದ್ದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 1990ರ ದಶಕದಲ್ಲಿ ಜಿಂಬಾಬ್ವೆಯಲ್ಲಿ ಬ್ಯಾಕ್ಟೀರಿಯಾ ಸಿಕ್ಕಮೇಲೆ ಒಪ್ಪಿದರು. ಇದನ್ನು ಹೊರುವ ಆಂಬ್ಲಿಯೊಮ್ಮಾ ಉಣ್ಣಿ ಹುಲ್ಲಿನ ತುದಿಯಲ್ಲಿ ಕೂತು ಕಾಯುವ ಸೋಮಾರಿಯಲ್ಲ. ದನವೋ ಮನುಷ್ಯನೋ ಹತ್ತಿರ ಬಂದರೆ ನೆಲದ ಮೇಲೆ ಓಡಿಬಂದು ಹತ್ತುತ್ತದೆ. ಹಾಗಾಗಿ ಒಬ್ಬರ ಮೈಮೇಲೆ ಮೂರ್ನಾಲ್ಕು ಕಡೆ ಕಚ್ಚಿದ ಗುರುತು, ನಡುವೆ ಸುಟ್ಟ ಹಾಗೆ ಕಪ್ಪು ಹಕ್ಕಳೆ.

ವಿಚಿತ್ರ ನೋಡಿ. ವೈದ್ಯಕೀಯ ಪತ್ರಿಕೆಗಳಲ್ಲಿ ಈ ಜ್ವರದ ರೋಗಿಗಳು ಯಾರು? ಸಫಾರಿಗೆ ಹೋಗಿ ಬಂದ ಯುರೋಪಿನ ಪ್ರವಾಸಿಗಳು. ಬಿಳಿ ಚರ್ಮದ ಮೇಲೆ ಕಪ್ಪು ಹಕ್ಕಳೆ ಎದ್ದು ಕಾಣುತ್ತದೆ, ಹಿಂತಿರುಗಿದ ಊರಿನಲ್ಲಿ ಲ್ಯಾಬ್ ಇರುತ್ತದೆ. ಅದೇ ಹುಲ್ಲುಗಾವಲಿನಲ್ಲಿ ದಿನಾ ದನ ಮೇಯಿಸುವವರ ರಕ್ತ ಪರೀಕ್ಷೆ ಮಾಡಿದರೆ ಬಹಳ ಜನಕ್ಕೆ ಈ ಸೋಂಕು ಎಂದೋ ಬಂದುಹೋದ ಗುರುತು ಸಿಗುತ್ತದೆ. ಬಂದಾಗ ಅದನ್ನು ಯಾವ ಹೆಸರಲ್ಲಿ ಬರೆದಿರುತ್ತಾರೆ, ನೀವೇ ಊಹಿಸಿ. ಇದೂ ಡಾಕ್ಸಿಸೈಕ್ಲಿನ್‌ಗೆ ಬಗ್ಗುತ್ತದೆ, ಹೆಚ್ಚಿನವರಿಗೆ ತಾನಾಗಿಯೇ ವಾಸಿಯಾಗುತ್ತದೆ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಒಂದನ್ನು ಬರೆಯಲೇಬೇಕು. ಹಿಂದಿನ ಸಾಲಿನಲ್ಲಿದ್ದ ಒಬ್ಬರು ಕೇಳಿದರು, "ಇಲಿ ಬಿಲ ಮುಚ್ಚಿದ್ರೆ ಆಗಲ್ವಾ ಮೇಡಂ?"

ಆಗುತ್ತದೆ. ಡಿಯೆಲ್ಮೊದಲ್ಲಿ ಮಾಡಿದ್ದೂ ಅದನ್ನೇ. ಮನೆಮನೆಗೆ ಹೋಗಿ ಕೋಣೆಯೊಳಗಿನ ಬಿಲಗಳನ್ನು ಹುಡುಕಿ ಸಿಮೆಂಟ್ ತುಂಬಿದರು, ಕೆಲವು ಕಡೆ ನೆಲಕ್ಕೇ ಸಿಮೆಂಟ್ ಹಾಕಿದರು. ಜ್ವರ ಗಣನೀಯವಾಗಿ ಇಳಿಯಿತು. ಹೊಸ ಔಷಧಿ ಇಲ್ಲ, ಲಸಿಕೆ ಇಲ್ಲ, ಒಬ್ಬ ಗಾರೆಯವನ ಕೆಲಸ. ಆದರೆ ಇಲಿಗೆ ಇದರ ಪರಿವೆ ಇಲ್ಲ. ಪಕ್ಕದಲ್ಲಿ ಇನ್ನೊಂದು ಬಿಲ ತೋಡುತ್ತದೆ. ಮತ್ತೆ ಹೋಗಿ ನೋಡಬೇಕು, ಮತ್ತೆ ತುಂಬಬೇಕು. "ನಮ್ಮನೆ ಥರಾನೇ" ಅಂದರು ಅವರು. ಎಲ್ಲರೂ ನಕ್ಕರು.

ಹೋಗುವಾಗ ಮೈಕ್ರೋಸ್ಕೋಪಿನ ಮುಂದೆ ಸಾಲು ನಿಂತಿತು. ಬಾಗಿಲಲ್ಲಿ ಸಿಕ್ಕಿದ್ದ ಹಿರಿಯರೂ ಕನ್ನಡಕ ತೆಗೆದು ಇಣುಕಿದರು. "ಬರೀ ಗುಲಾಬಿ ಚುಕ್ಕೆ ಕಾಣ್ತಿದೆಯಲ್ಲಮ್ಮ" ಅಂದರು. ಬಹಳ ಜನಕ್ಕೆ ಅಷ್ಟೇ ಕಂಡದ್ದು. ಸಾಲಿನ ಕೊನೆಗೆ ಒಬ್ಬ ಹುಡುಗ, ಪಿಯುಸಿ ಇರಬೇಕು, ತುಂಬಾ ಹೊತ್ತು ಕಣ್ಣು ತೆಗೆಯಲಿಲ್ಲ. ಹಿಂದಿನವರು ಗೊಣಗಲು ಶುರುಮಾಡಿದರು. ಆಮೇಲೆ ತಲೆಯೆತ್ತಿ, ಸ್ವಲ್ಪ ಸಂಕೋಚದಿಂದ, "ಮೇಡಂ, ಸ್ಲೈಡ್ ಒರೆಸಿಲ್ಲ ಅನ್ಸುತ್ತೆ. ನಡುವೆ ಒಂದು ದಾರದ ಚೂರು ಬಿದ್ದಿದೆ" ಅಂದ.